ಮರನೆಲ್ಲೊದ ಕೆಂಪು ಕಾರು ಎಲ್ಲಿ ನಿಲ್ಲುತ್ತದೆ?

ನಾನು ಬಿ.ಎಡ್. ಮುಗಿಸಿ ಪ್ರೌಢಶಾಲೆಯೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಹೊಸತು. ೧೯೯೦ರ ದಶಕದ ನಡುಭಾಗ. ಒಂಬತ್ತನೇ ತರಗತಿಗೆ ಚಲನಶಕ್ತಿಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬೋರ್ಡು ಬಿಟ್ಟು ಡೆಸ್ಕಿನ ಕೆಳಗೆ ಏನನ್ನೋ ನೋಡುತ್ತಿದ್ದ. ಹೋಗಿ ಕಿತ್ತುಕೊಂಡೆ. ಒಂದು ಕೆಂಪು ಕಾರಿನ ಚಿತ್ರ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ದೇವರ ಪಟ, ಸಿನಿಮಾ ನಟರ ಪಟಗಳ ಜೊತೆ ತೂಗುತ್ತಿದ್ದಂಥದ್ದು. ನೆಲಕ್ಕೆ ಅಂಟಿಕೊಂಡಂತೆ ತಗ್ಗಾದ ಮೈ, ಹಿಂಭಾಗದಲ್ಲಿ ಉದ್ದಕ್ಕೆ ಒಂದು ರೆಕ್ಕೆ. ಕೆಳಗೆ 'ಫೆರಾರಿ ಎಫ್ ೪೦' ಎಂದು ಬರೆದಿತ್ತು.

"ಸಾರ್, ಇದು ಗಂಟೆಗೆ ಮುನ್ನೂರ ಇಪ್ಪತ್ನಾಲ್ಕು ಕಿಲೋಮೀಟರ್ ಹೋಗುತ್ತಂತೆ. ಆಗ ಬ್ರೇಕ್ ಹಾಕಿದ್ರೆ ಎಲ್ಲಿ ನಿಲ್ಲುತ್ತೆ ಸಾರ್?" ಎಂದ ಹುಡುಗ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

"ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ.

ಅವನ ಪ್ರಶ್ನೆಗೆ ಉತ್ತರ ನಾನೇ ಬೋರ್ಡಿನ ಮೇಲೆ ಬರೆದಿದ್ದ ಸೂತ್ರದಲ್ಲಿತ್ತು. ಅದು ನನಗೆ ಹೊಳೆದದ್ದು ಆ ದಿನ ಸಂಜೆ, ಮನೆಗೆ ಹೋದ ಮೇಲೆ. ಮರುದಿನ ಹೇಳೋಣವೆಂದರೆ ಪಾಠ ಮುಂದೆ ಹೋಗಿತ್ತು, ಹಾಗೇ ಬಿಟ್ಟುಹೋಯಿತು. ಆ ಪ್ರಶ್ನೆ ಈಚೆಗೆ ಮತ್ತೆ ಎದುರಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕಾರಿನ ವಿಷಯ. ಒಂಬತ್ತು, ಹತ್ತನೇ ತರಗತಿಯ ಭೌತಶಾಸ್ತ್ರ ಇಷ್ಟು ಬಿಡಿಸಿಟ್ಟಂತೆ ಕಾಣುವ ಯಂತ್ರ ಇನ್ನೊಂದನ್ನು ನಾನು ಅರಿಯೆ.

ಮುದುಕನ ಕೊನೆಯ ಕಾರು

ಉತ್ತರ ಇಟಲಿಯಲ್ಲಿ ಮೊಡೆನಾ ಎಂಬ ಹಳೆಯ ನಗರವಿದೆ. ಅದರ ಸಮೀಪದ ಮರನೆಲ್ಲೊ ಎಂಬ ಸಣ್ಣ ಊರಿನಲ್ಲಿ ಫೆರಾರಿ ಕಾರ್ಖಾನೆ. ಸಂಸ್ಥೆಯನ್ನು ಕಟ್ಟಿದ ಎಂಜೊ ಫೆರಾರಿ ೧೮೯೮ರಲ್ಲಿ ಮೊಡೆನಾದಲ್ಲೇ ಹುಟ್ಟಿದವರು. ಮೊದಲು ಆಲ್ಫಾ ರೋಮಿಯೊ ಕಾರುಗಳನ್ನು ಪಂದ್ಯಗಳಲ್ಲಿ ಓಡಿಸಿ, ಅನಂತರ ಪಂದ್ಯದ ತಂಡ ಕಟ್ಟಿ, ೧೯೪೭ರಲ್ಲಿ ತಮ್ಮದೇ ಹೆಸರಿನ ಕಾರನ್ನು ಹೊರತಂದರು. ಆ ಕಾರಿಗೆ ನಲವತ್ತು ವರ್ಷ ತುಂಬಿದ ನೆನಪಿಗೆ ಮಾಡಿದ್ದು ಎಫ್ ೪೦. ಹೆಸರಿನ ನಲವತ್ತು ಅದೇ. ೧೯೮೭ರ ಜುಲೈ ೨೧ರಂದು ಮರನೆಲ್ಲೊದಲ್ಲಿ ಅದರ ಮೇಲಿನ ಬಟ್ಟೆ ಸರಿಸಿದಾಗ ಎಂಜೊ ಅವರಿಗೆ ೮೯ ವರ್ಷ. ಮರುವರ್ಷ ಆಗಸ್ಟ್ ೧೪ರಂದು ಅವರು ತೀರಿಕೊಂಡರು. ಅವರ ಕಣ್ಣೆದುರು ಬಂದ ಕೊನೆಯ ಹೊಸ ಫೆರಾರಿ ರಸ್ತೆ ಕಾರು ಇದೇ.

ಕಾರಿನ ಲಾಂಛನದ ನೆಗೆಯುವ ಕುದುರೆ ಕಪ್ಪು. ಮೊದಲ ಮಹಾಯುದ್ಧದ ಇಟಲಿಯ ವಿಮಾನಯೋಧ ಫ್ರಾಂಚೆಸ್ಕೊ ಬರಾಕಾ ತನ್ನ ವಿಮಾನದ ಮೇಲೆ ಬರೆಸಿಕೊಂಡಿದ್ದ ಕುದುರೆ ಅದು. ಹಿಂದಿನ ಹಳದಿ ಮೊಡೆನಾ ನಗರದ ಬಣ್ಣ. ಕಾರಿನ ಕೆಂಪು, ಪಂದ್ಯಗಳಲ್ಲಿ ಇಟಲಿಗೆ ಮೀಸಲಾಗಿದ್ದ ಬಣ್ಣ.

ಎಫ್ ೪೦ ಹುಟ್ಟಿದ್ದಕ್ಕೆ ಒಂದು ದುರಂತದ ಹಿನ್ನೆಲೆಯೂ ಇದೆ. ೧೯೮೪ರಲ್ಲಿ ಫೆರಾರಿ '೨೮೮ ಜಿಟಿಒ' ಎಂಬ ಕಾರು ಮಾಡಿತ್ತು. 'ಗ್ರೂಪ್ ಬಿ' ಎಂಬ ಪಂದ್ಯವರ್ಗಕ್ಕಾಗಿ ಅದರ ಇನ್ನಷ್ಟು ಉಗ್ರವಾದ ರೂಪವೊಂದನ್ನು ಎಂಜಿನಿಯರ್ ನಿಕೊಲಾ ಮಾತೆರಾತ್ಸಿ ಸಿದ್ಧಪಡಿಸುತ್ತಿದ್ದರು. ೧೯೮೬ರಲ್ಲಿ ಅದೇ ವರ್ಗದ ರ್‍ಯಾಲಿಗಳಲ್ಲಿ ಸಾಲಾಗಿ ಅಪಘಾತಗಳಾದವು. ಪೋರ್ಚುಗಲ್‌ನಲ್ಲಿ ಪ್ರೇಕ್ಷಕರು ಸತ್ತರು. ಕಾರ್ಸಿಕಾದಲ್ಲಿ ಚಾಲಕ ಹೆನ್ರಿ ತೊಯ್ವೊನೆನ್, ಸಹಚಾಲಕ ಸೆರ್ಜೊ ಕ್ರೆಸ್ಟೊ ಇಬ್ಬರೂ ಸತ್ತರು. ಆ ಪಂದ್ಯವರ್ಗವೇ ಮುಚ್ಚಿಹೋಯಿತು. ಮಾತೆರಾತ್ಸಿಯವರ ಕಾರಿಗೆ ಓಡಲು ಪಂದ್ಯವೇ ಇಲ್ಲದಾಯಿತು. ಆ ಅನಾಥ ಕಾರಿನಿಂದಲೇ, ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ, ರಸ್ತೆಯ ಮೇಲೆ ಓಡುವ ಎಫ್ ೪೦ ಮೂಡಿಬಂತು. ಮೈಯ ಆಕಾರ ಕೊಟ್ಟದ್ದು ಪಿನಿನ್‌ಫರೀನಾ ವಿನ್ಯಾಸ ಸಂಸ್ಥೆ. ಮಾತೆರಾತ್ಸಿ ೨೦೨೨ರಲ್ಲಿ ನಿಧನರಾದರು.

ಬೇಡದ್ದನ್ನೆಲ್ಲ ಎಸೆದರು

ಅದೇ ಕಾಲಕ್ಕೆ ಜರ್ಮನಿಯ ಪೋರ್ಷೆ ಸಂಸ್ಥೆ '೯೫೯' ಎಂಬ ಕಾರು ತಂದಿತ್ತು. ನಾಲ್ಕೂ ಚಕ್ರಗಳಿಗೆ ಶಕ್ತಿ, ಅದನ್ನು ಹಂಚಲು ಎಲೆಕ್ಟ್ರಾನಿಕ್ ವ್ಯವಸ್ಥೆ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕ್. ಬುದ್ಧಿವಂತ ಕಾರು. ತೂಕ ಸುಮಾರು ೧,೪೫೦ ಕೆ.ಜಿ. ಫೆರಾರಿಯವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಏನು ಸೇರಿಸಬಹುದು ಎಂದು ಕೇಳದೆ, ಏನು ತೆಗೆದರೂ ಕಾರು ಓಡುತ್ತದೆ ಎಂದು ಕೇಳಿಕೊಂಡರು.

ಎಫ್ ೪೦ ಒಳಗೆ ಕೂತರೆ ರೇಡಿಯೊ ಇಲ್ಲ. ನೆಲಕ್ಕೆ ಹಾಸಿಲ್ಲ. ಬಾಗಿಲ ಒಳಗೆ ಹಿಡಿಕೆಯೂ ಇಲ್ಲ, ಎಳೆಯಲು ಒಂದು ತಂತಿ. ಸ್ಟೀರಿಂಗ್ ತಿರುಗಿಸಲು, ಬ್ರೇಕ್ ತುಳಿಯಲು ಯಂತ್ರದ ಸಹಾಯವಿಲ್ಲ. ಮೊದಮೊದಲ ಕಾರುಗಳಲ್ಲಿ ಕಿಟಕಿಗೆ ಗಾಜು ಕೂಡ ಇರಲಿಲ್ಲ, ಜಾರಿಸುವ ಪ್ಲಾಸ್ಟಿಕ್ ಹಾಳೆ. ಬಣ್ಣವನ್ನೂ ಎಷ್ಟು ತೆಳುವಾಗಿ ಬಳಿದಿದ್ದರೆಂದರೆ ಒಳಗಿನ ನೇಯ್ಗೆ ಕಾಣುತ್ತಿತ್ತು. ನೇಯ್ಗೆ ಎಂದೆ, ಏಕೆಂದರೆ ಮೈ ತಗಡಿನದಲ್ಲ. ಹನ್ನೊಂದು ತುಂಡುಗಳ ಆ ಮೈ ಇಂಗಾಲದ ನಾರು, ಕೆವ್ಲಾರ್ ನಾರುಗಳನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ್ದು. ಹಳ್ಳಿಯಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುವುದನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ಮಣ್ಣು ಒಂದೇ ಆದರೆ ಬಿರುಕು ಬಿಡುತ್ತದೆ, ಹುಲ್ಲು ಒಂದೇ ಆದರೆ ನಿಲ್ಲುವುದಿಲ್ಲ. ಎರಡೂ ಸೇರಿದರೆ ಗೋಡೆ. ಕೆವ್ಲಾರ್ ನಾರನ್ನು ೧೯೬೫ರಲ್ಲಿ ಕಂಡುಹಿಡಿದವರು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಸಾಯನವಿಜ್ಞಾನಿ ಸ್ಟೆಫನಿ ಕ್ವೊಲೆಕ್. ಗುಂಡು ನಿರೋಧಕ ಅಂಗಿಗಳಲ್ಲಿ ಇರುವುದೂ ಅದೇ ನಾರು.

ಹೀಗೆ ಮಾಡಿ ಮಾಡಿ, ಪೆಟ್ರೋಲು ಎಣ್ಣೆ ತುಂಬದ ಕಾರಿನ ತೂಕವನ್ನು ೧,೧೦೦ ಕೆ.ಜಿ.ಗೆ ಇಳಿಸಿದ್ದಾಗಿ ಫೆರಾರಿ ಹೇಳಿತು. ಎಲ್ಲ ತುಂಬಿದ ಮೇಲೆ ೧,೨೫೦ರ ಆಸುಪಾಸು. ಎಂಜಿನ್ ಶಕ್ತಿ ೪೭೮ ಅಶ್ವಶಕ್ತಿ. ನಮ್ಮಲ್ಲಿ ಮನೆಮಾತಾಗಿದ್ದ ಮಾರುತಿ ೮೦೦ ಸುಮಾರು ೬೫೦ ಕೆ.ಜಿ. ತೂಗುತ್ತಿತ್ತು, ಶಕ್ತಿ ೩೭ರ ಆಸುಪಾಸು. ಅಂದರೆ ಒಂದು ಟನ್ ತೂಕಕ್ಕೆ ಮಾರುತಿಯಲ್ಲಿ ೫೭ ಕುದುರೆಗಳು, ಎಫ್ ೪೦ಯಲ್ಲಿ ೩೮೨.

ಹೊಗೆಯಿಂದ ಗಾಳಿ ಕಡೆಯುವ ಯಂತ್ರ

ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ. ಎಂಟು ಸಿಲಿಂಡರ್. ಪ್ರತಿಯೊಂದರ ವ್ಯಾಸ ೮.೨ ಸೆಂ.ಮೀ., ಪಿಸ್ಟನ್ ಓಡಾಡುವ ದೂರ ೬.೯೫ ಸೆಂ.ಮೀ. ಸಿಲಿಂಡರಿನ ಘನಫಲದ ಸೂತ್ರ ಗೊತ್ತಿರುವ ಮಕ್ಕಳು ಇಲ್ಲೇ ಪತ್ರಿಕೆ ಕೆಳಗಿಟ್ಟು ಲೆಕ್ಕ ಮಾಡಲಿ. ತ್ರಿಜ್ಯ ೪.೧; ಅದರ ವರ್ಗವನ್ನು ಪೈ ಮತ್ತು ಎತ್ತರದಿಂದ ಗುಣಿಸಿದರೆ ೩೬೭ ಘನ ಸೆಂ.ಮೀ. ಎಂಟರಿಂದ ಗುಣಿಸಿದರೆ ೨,೯೩೬. ಕಾರ್ಖಾನೆಯ ಕೈಪಿಡಿಯಲ್ಲಿ ಇರುವುದೂ ಅದೇ ಸಂಖ್ಯೆ.

ಮೂರು ಲೀಟರ್ ಕೂಡ ತುಂಬದ ಈ ಜಾಗದಿಂದ ೪೭೮ ಅಶ್ವಶಕ್ತಿ ತೆಗೆಯುವುದು ಹೇಗೆ? ಪೆಟ್ರೋಲು ಎಷ್ಟು ಬೇಕಾದರೂ ಸುರಿಯಬಹುದು, ಆದರೆ ಅದು ಉರಿಯಲು ಆಮ್ಲಜನಕ ಬೇಕಲ್ಲ. ಒಲೆಗೆ ಊದುಗೊಳವೆ ಹಿಡಿಯುವುದು ಯಾಕೆಂದು ಅಜ್ಜಿಯನ್ನು ಕೇಳಿ ನೋಡಿ. ಇಲ್ಲಿನ ಊದುಗೊಳವೆಯ ಹೆಸರು ಟರ್ಬೋಚಾರ್ಜರ್. ಅಂಥವು ಎರಡು ಇವೆ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಸಿಲಿಂಡರಿಗೆ ತಳ್ಳುತ್ತದೆ. ಸುಮ್ಮನೆ ಹೊರಗೆ ಹೋಗುತ್ತಿದ್ದ ಹೊಗೆಗೇ ದುಡಿಮೆ ಹಚ್ಚಿದ ಹಾಗಾಯಿತು.

ಎಫ್ ೪೦ಯಲ್ಲಿ ಈ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ೧.೧ ಬಾರ್ ಹೆಚ್ಚು. ಒಟ್ಟು ಎರಡು ಪಟ್ಟಿಗೂ ಮೇಲಾಯಿತು. ಆದರೆ ಅದುಮಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದರೆ ಹಿಗ್ಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಸುಡುವುದು ಗೊತ್ತು. ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ವಿರಳ. ಅದುಮಿದ್ದು ಅರ್ಧ ವ್ಯರ್ಥ. ಅದಕ್ಕೆ ದಾರಿಯಲ್ಲಿ ರೇಡಿಯೇಟರಿನಂಥ ಒಂದು ಸಾಧನವಿಟ್ಟು ಗಾಳಿಯನ್ನು ತಣಿಸಿ ಒಳಗೆ ಕಳಿಸುತ್ತಾರೆ. ಕಾರಿನ ಹಿಂಭಾಗದ ನಡುವೆ ಮೂರು ಕೊಳವೆಗಳಿವೆ. ಪಕ್ಕದ ಎರಡು ಹೊಗೆಗೆ. ನಡುವಿನದು, ಒತ್ತಡ ಮಿತಿ ಮೀರದಂತೆ ಹೆಚ್ಚಾದ ಹೊಗೆಯನ್ನು ಟರ್ಬೋಗೆ ತಾಗಿಸದೆ ಹೊರಬಿಡುವ ಕೊಳವೆ. ಪ್ರೆಶರ್ ಕುಕ್ಕರಿನ ಸೀಟಿಯ ಕೆಲಸವೇ.

ಇದರಲ್ಲಿ ಒಂದು ಕೊರತೆಯಿದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆ ಕಡಿಮೆ, ಟರ್ಬೋ ಮಂಕಾಗಿರುತ್ತದೆ. ಚಾಲಕ ಕಾಲು ಒತ್ತುತ್ತಾನೆ, ಹೆಚ್ಚೇನೂ ಆಗುವುದಿಲ್ಲ. ಇನ್ನೂ ಒತ್ತುತ್ತಾನೆ. ಅಷ್ಟರಲ್ಲಿ ಟರ್ಬೋ ಎಚ್ಚರಗೊಂಡು ಇದ್ದ ಶಕ್ತಿಯೆಲ್ಲ ಒಮ್ಮೆಲೇ ಹಿಂದಿನ ಎರಡು ಚಕ್ರಗಳಿಗೆ ನುಗ್ಗುತ್ತದೆ. ತಿರುವಿನಲ್ಲಿ ಹೀಗಾದರೆ? ಸರಿಪಡಿಸಲು ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ. ಕೆಲವರು ಇದನ್ನೇ ಎಫ್ ೪೦ಯ ಸೊಗಸು ಎನ್ನುತ್ತಾರೆ. ನನಗೇನೋ ಸೊಗಸಿಗಿಂತ ಅಪಾಯವೇ ಹೆಚ್ಚು ಕಾಣುತ್ತದೆ.

ಗಾಳಿಯ ಗೋಡೆ

ಫೆರಾರಿ ಘೋಷಿಸಿದ ಗರಿಷ್ಠ ವೇಗ ಗಂಟೆಗೆ ೩೨೪ ಕಿ.ಮೀ., ಅಂದರೆ ೨೦೧ ಮೈಲಿ. ಇನ್ನೂರು ಮೈಲಿಯ ಗೆರೆ ದಾಟಿದ ರಸ್ತೆ ಕಾರು ಎಂದು ಎಫ್ ೪೦ ಹೆಸರಾದದ್ದು ಇದರಿಂದ. ಮಾರುತಿಗಿಂತ ಸುಮಾರು ಹದಿಮೂರು ಪಟ್ಟು ಶಕ್ತಿಯಿದ್ದೂ ವೇಗ ಮೂರು ಪಟ್ಟನ್ನೂ ಮುಟ್ಟುವುದಿಲ್ಲ. ಯಾಕೆ?

ಗಾಳಿಯಿಂದ. ವೇಗ ಎರಡು ಪಟ್ಟಾದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಶಕ್ತಿ ಎಂದರೆ ಬಲವನ್ನು ವೇಗದಿಂದ ಗುಣಿಸಿದ್ದು. ಆದ್ದರಿಂದ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ವೇಗದ ಘನಕ್ಕೆ ತಕ್ಕಂತೆ ಅದು ಏರುತ್ತದೆ. ಎಫ್ ೪೦ಯ ಆಕಾರಕ್ಕೆ ಗಾಳಿಯ ಎಳೆತದ ಗುಣಾಂಕ ೦.೩೪. ಎದುರಿನಿಂದ ಕಾಣುವ ವಿಸ್ತೀರ್ಣ, ಅದರ ಅಗಲ ಎತ್ತರ ನೋಡಿ ನಾನು ಅಂದಾಜು ಮಾಡಿದಂತೆ, ೧.೮ ಚದರ ಮೀಟರ್. ೩೨೪ ಕಿ.ಮೀ. ಎಂದರೆ ಸೆಕೆಂಡಿಗೆ ೯೦ ಮೀಟರ್. ಲೆಕ್ಕ ಹಾಕಿದರೆ ಗಾಳಿಗೇ ಸುಮಾರು ೨೬೮ ಕಿಲೋವ್ಯಾಟ್ ಬೇಕು. ಎಂಜಿನ್ ಕೊಡುವುದು ೩೫೨. ಉಳಿದದ್ದು ಗೇರುಗಳ ತಿಕ್ಕಾಟಕ್ಕೆ, ಟೈರುಗಳ ಉರುಳಾಟಕ್ಕೆ ಹೋಗುತ್ತದೆ. ಜಮಾ ಖರ್ಚು ಸರಿಹೋಯಿತು, ಕಾರು ಅಲ್ಲಿಗೆ ನಿಂತಿತು, ಅಂದರೆ ಅದೇ ವೇಗದಲ್ಲಿ ಉಳಿಯಿತು.

ಈ ಘನದ ನಿಯಮವನ್ನು ಪರೀಕ್ಷಿಸಲು ನನಗೆ ಇನ್ನೊಂದು ಕಾರು ಸಿಕ್ಕಿತು. ೨೦೧೯ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಬುಗಾಟಿ ಸಂಸ್ಥೆಯ ಶಿರಾನ್ ಕಾರು ಜರ್ಮನಿಯ ಪರೀಕ್ಷಾ ಪಥವೊಂದರಲ್ಲಿ ಗಂಟೆಗೆ ೪೯೦ ಕಿ.ಮೀ. ಮುಟ್ಟಿತು. ಅದರ ಶಕ್ತಿ ೧,೬೦೦ ಅಶ್ವಶಕ್ತಿ. ೪೯೦ನ್ನು ೩೨೪ರಿಂದ ಭಾಗಿಸಿ ಘನ ಮಾಡಿದರೆ ೩.೪೬. ೧,೬೦೦ನ್ನು ೪೭೮ರಿಂದ ಭಾಗಿಸಿದರೆ ೩.೩೫. ಎರಡು ಕಾರುಗಳ ಆಕಾರ ಬೇರೆ, ಗಾತ್ರ ಬೇರೆ, ಹಾಗಾಗಿ ಇಷ್ಟು ಹತ್ತಿರ ಬಂದದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ. ಆದರೂ ಕಾಗದದ ಮೇಲೆ ಆ ಎರಡು ಸಂಖ್ಯೆ ಅಕ್ಕಪಕ್ಕ ಬಂದಾಗ, ಇಷ್ಟು ವರ್ಷ ಪಾಠ ಮಾಡಿದವನಿಗೂ ಖುಷಿಯಾಯಿತು.

ಇನ್ನು ಹಿಂದಿನ ರೆಕ್ಕೆ. ಅದು ಅಲಂಕಾರಕ್ಕಲ್ಲ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದ್ದು. ವಿಮಾನದ್ದು ಮೇಲಕ್ಕೆತ್ತಿದರೆ ಇದು ಕೆಳಕ್ಕೆ ಒತ್ತುತ್ತದೆ. ತೂಕ ಹೆಚ್ಚಿಸದೆಯೇ ಟೈರುಗಳನ್ನು ನೆಲಕ್ಕೆ ಅದುಮುತ್ತದೆ.

ಟೈರು ತಾಳಿದಷ್ಟೇ

ನಿಂತಲ್ಲಿಂದ ಗಂಟೆಗೆ ೧೦೦ ಕಿ.ಮೀ. ವೇಗ ಪಡೆಯಲು ಎಫ್ ೪೦ಗೆ ೪.೧ ಸೆಕೆಂಡು ಸಾಕು. ಚಾಲಕನೂ ಸೇರಿ ೧,೩೩೦ ಕೆ.ಜಿ. ಎನ್ನೋಣ. ೧೦೦ ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು ೫ ಲಕ್ಷದ ೧೪ ಸಾವಿರ ಜೌಲ್. ೪.೧ರಿಂದ ಭಾಗಿಸಿದರೆ ಸರಾಸರಿ ೧೨೫ ಕಿಲೋವ್ಯಾಟ್. ಎಂಜಿನ್ನಿನ ಗರಿಷ್ಠ ಶಕ್ತಿಯ ಮೂರನೇ ಒಂದು ಭಾಗ ಮಾತ್ರ! ಟರ್ಬೋ ಏಳಲು, ಗೇರ್ ಬದಲಿಸಲು ಹೋಗುವ ಹೊತ್ತು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಟೈರು. ಮೊದಲ ಕ್ಷಣಗಳಲ್ಲಿ ಎಲ್ಲ ಶಕ್ತಿ ಬಿಟ್ಟರೆ ಚಕ್ರ ಗಿರ್ರನೆ ಸುತ್ತಿ ರಬ್ಬರು ಸುಡುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಅದಕ್ಕೇ ಹಿಂದಿನ ಟೈರಿನ ಅಗಲ ೩೩೫ ಮಿಲಿಮೀಟರ್, ಒಂದು ಅಡಿಗಿಂತ ಹೆಚ್ಚು. ಇಲ್ಲಿ ಜಾಣ ವಿದ್ಯಾರ್ಥಿಗಳು ಎದ್ದು ನಿಲ್ಲಬೇಕು. ಘರ್ಷಣೆ ಸ್ಪರ್ಶ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಠ್ಯಪುಸ್ತಕದಲ್ಲಿದೆಯಲ್ಲ, ಮತ್ತೆ ಅಗಲದ ಟೈರು ಯಾಕೆ? ಆ ನಿಯಮ ಮರ, ಕಬ್ಬಿಣದಂಥ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ರಬ್ಬರು ಮೆತ್ತಗಿನದು. ರಸ್ತೆಯ ಉಬ್ಬುತಗ್ಗುಗಳ ಒಳಗೆ ಇಳಿದು ಹಿಡಿಯುತ್ತದೆ. ಒತ್ತಡ ಹೆಚ್ಚಾದಂತೆ ಅದರ ಘರ್ಷಣಾ ಗುಣಾಂಕ ಕಡಿಮೆಯಾಗುತ್ತದೆ, ಆದ್ದರಿಂದ ಭಾರವನ್ನು ಅಗಲಕ್ಕೆ ಹರಡಿದಷ್ಟೂ ಹಿಡಿತ ಜಾಸ್ತಿ. ಶಾಖವೂ ಹರಡಿಕೊಳ್ಳುತ್ತದೆ. ಪಠ್ಯಪುಸ್ತಕ ಸುಳ್ಳಲ್ಲ, ಅದಕ್ಕೆ ಗಡಿಗಳಿವೆ.

ಎಲ್ಲಿ ನಿಲ್ಲುತ್ತೆ ಸಾರ್?

ಕಾರು ಸೆಕೆಂಡಿಗೆ ೯೦ ಮೀಟರ್ ಹೋಗುತ್ತಿದೆ. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸುಮಾರು ೫೪ ಲಕ್ಷ ಜೌಲ್. ನಿಲ್ಲಬೇಕಾದರೆ ಇದಿಷ್ಟೂ ಎಲ್ಲಾದರೂ ಹೋಗಬೇಕು. ಬಹುಪಾಲು ಹೋಗುವುದು ೩೩ ಸೆಂ.ಮೀ. ವ್ಯಾಸದ ನಾಲ್ಕು ಬ್ರೇಕ್ ಡಿಸ್ಕುಗಳಿಗೆ, ಶಾಖವಾಗಿ. ಬಚ್ಚಲ ಹಂಡೆಯಲ್ಲಿ ಹದಿನೇಳು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು ಶಾಖ ಅದು, ಕೆಲವೇ ಸೆಕೆಂಡುಗಳಲ್ಲಿ.

ಒಳ್ಳೆಯ ರಸ್ತೆ, ಒಳ್ಳೆಯ ಟೈರು, ಬ್ರೇಕಿನ ಹಿಡಿತ ಗುರುತ್ವ ವೇಗೋತ್ಕರ್ಷದಷ್ಟೇ ಇದೆ ಎಂದುಕೊಳ್ಳೋಣ. ವೇಗದ ವರ್ಗವನ್ನು ಅದರ ಎರಡರಷ್ಟರಿಂದ ಭಾಗಿಸಿದರೆ ೪೧೩ ಮೀಟರ್. ಗಾಳಿಯೂ ತಡೆಯುವುದರಿಂದ ಸ್ವಲ್ಪ ಕಡಿಮೆಯಾದೀತು. ಆದರೆ ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ, ಆಗಲೇ ೯೦ ಮೀಟರ್ ಮುಗಿದಿರುತ್ತದೆ. ಅರ್ಧ ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಅದೂ ಚಾಲಕ ಸರಿಯಾಗಿ ತುಳಿದರೆ. ಹೆದರಿ ಜೋರಾಗಿ ತುಳಿದು ಚಕ್ರ ಕಚ್ಚಿಕೊಂಡರೆ ಟೈರು ಉರುಳದೆ ಜಾರುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಈಗಿನ ಸಾಮಾನ್ಯ ಕಾರುಗಳಲ್ಲೂ ಅದನ್ನು ತಡೆಯುವ ಎಬಿಎಸ್ ಇದೆ, ಎಫ್ ೪೦ಯಲ್ಲಿ ಇರಲಿಲ್ಲ. ೧೯೯೨ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಇಂಥವು ೧,೩೦೦ಕ್ಕೂ ಹೆಚ್ಚು ಹೊರಬಂದಿದ್ದವು. ಬಹುಪಾಲು ಈಗ ಸಂಗ್ರಹಕಾರರ ಬಳಿ ಇವೆ, ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆಗೆ ಕೈ ಬದಲಾಯಿಸುತ್ತಿರುತ್ತವೆ.

ಆ ಹುಡುಗ ಈ ವರ್ಷ ಮಗನನ್ನು ಒಂಬತ್ತನೇ ತರಗತಿಗೆ ಸೇರಿಸಲು ನಮ್ಮ ಶಾಲೆಗೆ ಬಂದಿದ್ದ. ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಅಪ್ಪ ಮಗ ಬಂದದ್ದು ಬೈಕಿನಲ್ಲಿ, ಓಡಿಸಿಕೊಂಡು ಬಂದದ್ದು ಮಗ.

"ಏನಪ್ಪಾ, ಇವನಿಗೆ ಲೈಸೆನ್ಸ್ ಬಂತೇ?" ಎಂದೆ.

"ನಿಧಾನಕ್ಕೆ ಓಡಿಸ್ತಾನೆ ಸಾರ್, ಎಂಬತ್ತು ದಾಟಲ್ಲ" ಎಂದ.

ಹದಿನೆಂಟು ತುಂಬದವರ ಕೈಗೆ ಗೇರಿನ ಬೈಕು ಕೊಡುವಂತಿಲ್ಲ. ಕೊಟ್ಟು ಅಪರಾಧವಾದರೆ ೨೦೧೯ರ ತಿದ್ದುಪಡಿಯ ಪ್ರಕಾರ ತಂದೆತಾಯಿಗೇ ದಂಡ, ಜೈಲು. ಅದನ್ನು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ದೈಹಿಕ ಶಿಕ್ಷಣದ ಮೇಷ್ಟ್ರ ಕೋಣೆಯಿಂದ ಅಳತೆಯ ಟೇಪು, ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ತರಿಸಿ ಇಬ್ಬರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಒಣಗಿದ ಡಾಂಬರು ರಸ್ತೆಗೆ ಘರ್ಷಣಾ ಗುಣಾಂಕ ೦.೭ ಹಿಡಿದು ಹುಡುಗನಿಂದಲೇ ಲೆಕ್ಕ ಮಾಡಿಸಿದೆ. ನಲವತ್ತರಲ್ಲಿ ಹೋಗುವ ಬೈಕು ಯೋಚಿಸುವ ಒಂದು ಸೆಕೆಂಡಿನಲ್ಲಿ ೧೧ ಮೀಟರ್, ಬ್ರೇಕ್ ಹಾಕಿದ ಮೇಲೆ ೯, ಒಟ್ಟು ೨೦. ಎಂಬತ್ತರಲ್ಲಾದರೆ ೨೨, ಮತ್ತೆ ೩೬, ಒಟ್ಟು ೫೮. ಮೊದಲ ಗೆರೆ ಕೊಕ್ಕೊ ಅಂಕಣದ ಹತ್ತಿರ ಬಿತ್ತು. ಎರಡನೆಯ ಗೆರೆ ಹಾಕಲು ಹುಡುಗ ಟೇಪು ಹಿಡಿದು ನಡೆದ, ನಡೆದ, ಧ್ವಜಸ್ತಂಭ ದಾಟಿ ಹೋಗಿ ನಿಂತ. ಅಲ್ಲಿಂದ ತಿರುಗಿ ನಾವಿದ್ದ ಕಡೆ ನೋಡಿದ. ಅಪ್ಪ ಏನೂ ಮಾತಾಡಲಿಲ್ಲ. ಬೈಕಿನ ಕೀಲಿಗೆ ಕೈ ಚಾಚಿದ, ಹುಡುಗ ವಾಪಸು ಬಂದು ಕೊಟ್ಟ.

"ಹಾಗಾದ್ರೆ ಆ ಫೆರಾರಿ ಎಲ್ಲಿ ನಿಲ್ತಿತ್ತು ಸಾರ್?" ಎಂದ ಆಮೇಲೆ.

ಗೇಟಿನ ಆಚೆ, ಬಸ್ ತಂಗುದಾಣ ದಾಟಿ, ದೂರದಲ್ಲಿ ಕಾಣುತ್ತಿದ್ದ ಕೆರೆ ಏರಿ ತೋರಿಸಿದೆ.

"ಇಷ್ಟು ಹೇಳೋಕೆ ಮೂವತ್ತು ವರ್ಷ ತಗೊಂಡ್ರಲ್ಲ ಸಾರ್" ಎಂದು ನಕ್ಕ.